ಆರು ವೋಲ್ಟಿನ ತೋಡಿ

ಎರ್ನಾಕುಲಂ

ಪರದೇಶಕ್ಕೆ ಹೋಗಿಬಂದವರ ಬರಹಗಳು ಹಡಗಿನ ಕೂಗಿನಿಂದಲೋ ವಿಮಾನದ ಮೆಟ್ಟಿಲಿನಿಂದಲೋ ಶುರುವಾಗುವುದನ್ನು ಓದಿದ್ದೇನೆ. ನನ್ನ ಪರದೇಶ ಶುರುವಾದದ್ದು ಮೋಟಾರ್‌ಸೈಕಲ್ಲಿನ ಹಿಂದಿನ ಸೀಟಿನಿಂದ. ಕೊಚ್ಚಿಯಿಂದ ತಿರುವನಂತಪುರಕ್ಕೆ ಒಂದು ಹಗಲಿನ ದಾರಿ. ಅದನ್ನೂ ಪರದೇಶ ಅನ್ನುತ್ತಾಳಲ್ಲ ಇವಳು ಅಂತ ನಗಬೇಡಿ. ಅಂಗಡಿಯ ಬೋರ್ಡು ಓದಲು ಬಾರದ, ಅನ್ನದ ಅಗುಳು ಕಡಲೆಬೀಜದಷ್ಟು ದಪ್ಪ ಇರುವ, ನೀರು ಕೇಳಿದರೆ ಜೀರಿಗೆ ಹಾಕಿ ಕಾಯಿಸಿದ ಬಿಸಿನೀರು ಕೊಡುವ ನಾಡು ಮೈಸೂರಿನ ಹೆಣ್ಣಿಗೆ ಪರದೇಶವೇ ಸರಿ. ಪಾಸ್‌ಪೋರ್ಟು ಯಾರೂ ಕೇಳಲಿಲ್ಲ, ಅಷ್ಟೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಇವರು, ಅಂದರೆ ನಮ್ಮ ಯಜಮಾನರು, ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ನಾನು ಮದುವೆಗೆ ಮುಂಚೆ ಮೈಸೂರಿನಲ್ಲಿ ನರಸಮ್ಮನವರ ಹತ್ತಿರ ಸಂಗೀತ ಹೇಳಿಸಿಕೊಳ್ಳುತ್ತಿದ್ದೆ. ತೋಡಿ ರಾಗದ ಒಂದು ದೊಡ್ಡ ಕೃತಿಯ ಪಲ್ಲವಿ, ಅನುಪಲ್ಲವಿ ಆಗಿ ಚರಣಕ್ಕೆ ಬರುವ ಹೊತ್ತಿಗೆ ನನ್ನ ಲಗ್ನ ಗೊತ್ತಾಯಿತು. ಚರಣ ಮೈಸೂರಿನಲ್ಲೇ ಉಳಿಯಿತು, ನಾನು ಕೊಚ್ಚಿಗೆ ಬಂದೆ. ಬಂದಮೇಲೆ ಎಷ್ಟೋ ಸಲ ಅನುಪಲ್ಲವಿಯವರೆಗೆ ಹಾಡಿ, ಬಾಗಿಲು ಹಾಕಿದ ಮನೆಯ ಮುಂದೆ ನಿಂತವಳ ಹಾಗೆ ಹಿಂದಿರುಗಿದ್ದೇನೆ.

ಆ ವರ್ಷ ತಿರುವನಂತಪುರದ ರೇಡಿಯೋದಿಂದ ಆಡಿಷನ್ನಿಗೆ ಕರೆ ಬಂತು. ಅದೇ ವಾರ ಇವರಿಗೆ ಪಾಟ್ನಾಕ್ಕೆ ವರ್ಗವಾದ ಆರ್ಡರೂ ಬಂತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ. ಪಾಟ್ನಾಕ್ಕೆ ಹೋದಮೇಲೆ ನನ್ನ ಕರ್ನಾಟಕ ಸಂಗೀತವನ್ನು ಗಂಗಾಮಾತೆ ಕೇಳಬೇಕೇ ಹೊರತು ಬೇರೆ ಯಾರು ಕೇಳುತ್ತಾರೆ? ಇದೊಂದು ಸಲ ಪಾಸಾದರೆ ರೇಡಿಯೋದಲ್ಲಿ ಹಾಡಿದವಳು ಅನ್ನಿಸಿಕೊಳ್ಳುತ್ತೇನೆ. ಇಲ್ಲವಾದರೆ ಮದುವೆಗೆ ಮುಂಚೆ ಏನೋ ಚೆನ್ನಾಗಿ ಹಾಡುತ್ತಿದ್ದಳಂತೆ ಅನ್ನಿಸಿಕೊಳ್ಳುವ ಹೆಂಗಸರ ಸಾಲಿಗೆ ಸೇರುತ್ತೇನೆ. ಆ ಸಾಲು ನಮ್ಮ ಮನೆತನದಲ್ಲಿ ಆಗಲೇ ಉದ್ದವಾಗಿತ್ತು.

ಆಡಿಷನ್ನಿಗೆ ಒಂದು ದೊಡ್ಡ ಕೃತಿ ಬೇಕೇ ಬೇಕು. ನನ್ನಲ್ಲಿದ್ದದ್ದು ಆ ಅರ್ಧ ತೋಡಿ. ನರಸಮ್ಮನವರಿಗೆ ಹೇಳಿಕಳಿಸಿದೆ. ಅವರು ಸ್ವರ ಬರೆದು ಕೊಡುವ ಪೈಕಿಯವರಲ್ಲ. "ಕಾಗದ ನೋಡಿ ಸಂಗೀತ ಕಲಿಯೋದು ಅಂದ್ರೆ ಪಟದಲ್ಲಿರೋ ಹಣ್ಣಿಗೆ ಬಾಯಿ ಹಾಕಿದ ಹಾಗೆ ಕಣೇ" ಅನ್ನುವವರು. ಯಾರದೋ ಮನೆಗೆ ಹೋಗಿ, ತಂಬೂರಿ ಇಟ್ಟುಕೊಂಡು, ಎಪ್ಪತ್ತರ ವಯಸ್ಸಿನಲ್ಲಿ ಕ್ಯಾಸೆಟ್ಟಿಗೆ ಹಾಡಿ, ಬರುವವರ ಕೈಯಲ್ಲಿ ಕಳಿಸಿಕೊಟ್ಟರು. ಅದು ನನ್ನ ಕೈ ಸೇರಿದಾಗ ಆಡಿಷನ್ನಿಗೆ ಒಂದು ವಾರ ಇತ್ತು.

ಕ್ಯಾಸೆಟ್ಟು ಹಾಕುವ ಪೆಟ್ಟಿಗೆ ನಮ್ಮಲ್ಲಿತ್ತು. ಕೊಲ್ಲಿ ದೇಶದಿಂದ ರಜೆಗೆ ಬಂದವರು ಯಾರೋ ತಂದದ್ದನ್ನು ಇವರು ಆಸೆಪಟ್ಟು ಕೊಂಡಿದ್ದರು. ಆದರೆ ಕೊಚ್ಚಿಯ ಹವೆಗೆ ಒಳಗಿನ ಸೆಲ್ಲು ಸೋರಿ, ಸ್ಪ್ರಿಂಗುಗಳೆಲ್ಲ ತುಕ್ಕು ಹಿಡಿದು ಉದುರಿಹೋಗಿದ್ದವು. ಸೆಲ್ಲಿನ ಮೇಲೆ ಅದು ನಡೆಯುತ್ತಿರಲಿಲ್ಲ. ಗೋಡೆಯ ಪ್ಲಗ್ಗಿಗೆ ಕರೆಂಟು ಇಳಿಸಿಕೊಡುವ ಎಲಿಮಿನೇಟರ್ ಹಾಕಿದರೆ ಮಾತ್ರ ಹಾಡುತ್ತಿತ್ತು. ಅಡುಗೆಮನೆಯಲ್ಲಿ ಅದನ್ನಿಟ್ಟುಕೊಂಡು ಸಾರು ಕುದಿಸುತ್ತ ಕಲಿತೆ. ಚರಣದ ನಡುವೆ ಒಂದು ಕಡೆ ಮಾತ್ರ ಗಂಟಲು ದಾರಿ ತಪ್ಪುತ್ತಲೇ ಇತ್ತು.

ಹೊರಡುವ ಮುನ್ನಾದಿನ ಬಸ್ಸಿನವರ ಮುಷ್ಕರ ಶುರುವಾಯಿತು. ರೈಲಿನಲ್ಲಿ ಕಾಲಿಡಲು ಜಾಗವಿಲ್ಲ ಅಂತ ಸುದ್ದಿ. ಇವರಿಗೆ ಒಳಗೊಳಗೇ ಖುಷಿ. "ಗಾಡೀಲೇ ಹೋಗೋಣ" ಅಂದರು. ದಾರಿಯುದ್ದಕ್ಕೂ ಚರಣ ಕೇಳದೆ ಹೋದರೆ ನಾನು ಕೆಟ್ಟೆ ಅಂತ ಅಳುಮುಖ ಮಾಡಿದೆ. ಆಗ ನೆರವಿಗೆ ಬಂದವರು ಎದುರುಮನೆಯ ಭಟ್ಟರು. ಕಾಸರಗೋಡಿನವರು, ಟೆಲಿಫೋನ್ ಇಲಾಖೆಯವರು, ಯಾವುದನ್ನು ಕಂಡರೂ ಬಿಚ್ಚಿ ನೋಡುವವರು.

"ಎಂತ ಅಕ್ಕ, ಅಳುವ ವಿಷಯವಾ ಇದು? ಪೆಟ್ಟಿಗೆ ಆರು ವೋಲ್ಟು. ಇವರ ಮೋಟಾರ್‌ಸೈಕಲ್ಲಿನ ಬ್ಯಾಟರಿಯೂ ಆರು ವೋಲ್ಟು. ಜಾತಕ ಕೂಡಿ ಬಂತಲ್ಲ ಮಾರಾಯ್ರೆ! ಮದುವೆ ಮಾಡಿಸುವ."

ಹಾಗೆಂದು, ನಾನು ಬೇಡ ಅನ್ನುವುದರೊಳಗೆ, ಎಲಿಮಿನೇಟರಿನ ವಯರು ಕತ್ತರಿಸಿ ಅದರ ತುದಿಯ ಪಿನ್ನು ತೆಗೆದುಕೊಂಡರು. ಅದಕ್ಕೆ ಟೆಲಿಫೋನಿನ ಜೋಡಿ ವಯರು ಸೇರಿಸಿ, ಸೀಟಿನ ಕೆಳಗಿನ ಬ್ಯಾಟರಿಗೆ ಸಿಕ್ಕಿಸಿದರು. ಎರಡು ಎಳೆಯೂ ಒಂದೇ ಕಪ್ಪು ಬಣ್ಣ. ಪೆಟ್ಟಿಗೆಯ ಜೊತೆ ಬಂದಿದ್ದ ಗುಂಡಿಯಂಥ ಇಯರ್‌ಫೋನನ್ನು ನನ್ನ ಎಡಗಿವಿಗೆ ಸಿಕ್ಕಿಸಿಕೊಂಡೆ. ಇವರು ಗಾಡಿ ಶುರು ಮಾಡಿದರು. ನರಸಮ್ಮನವರು ಹಾಡಿದರು.

ಚೇರ್ತಲ

ಮೋಟಾರ್‌ಸೈಕಲ್ಲಿನ ಮೇಲೆ ಸಂಗೀತ ಕೇಳುವುದು ಅಂದುಕೊಂಡಷ್ಟು ಸಲೀಸಲ್ಲ. ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಪೆಟ್ಟಿಗೆ, ಒಂದು ಕೈ ಇವರ ಹೆಗಲ ಮೇಲೆ, ಒಂದು ಕೈ ಪೆಟ್ಟಿಗೆಯ ಮೇಲೆ, ಸೆರಗು ಕಿವಿಗೆ ಅಡ್ಡ ಬಿಗಿದು ಕೂತಿದ್ದೆ. ಕಂಡವರಿಗೆ ಹಲ್ಲುನೋವಿನ ರೋಗಿಯ ಹಾಗೆ ಕಾಣುತ್ತಿದ್ದೆನೋ ಏನೋ. ಬಲಗಿವಿಗೆ ಗಾಳಿ, ಎಡಗಿವಿಗೆ ತೋಡಿ.

ಅರೂರಿನ ಸೇತುವೆ ದಾಟಿ ರಸ್ತೆ ನೇರವಾಗುತ್ತಲೇ ಇವರು ವೇಗ ಹೆಚ್ಚಿಸಿದರು. ಗಾಡಿಯ ವೇಗ ಏರಿದಂತೆ ಬ್ಯಾಟರಿಯ ಕರೆಂಟೂ ಏರಿತು, ಅದರ ಜೊತೆ ನರಸಮ್ಮನವರ ಶ್ರುತಿಯೂ ಏರಿತು! ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ನಾಲ್ಕೂವರೆ ಮನೆಯಲ್ಲಿ ಹಾಡುವ ಗಂಭೀರ ಹೆಂಗಸು ಐದೂವರೆ ಮನೆಗೆ ಹತ್ತಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಹಾಡತೊಡಗಿದರು. ಎತ್ತಿನಗಾಡಿ ಅಡ್ಡ ಬಂದು ನಿಧಾನ ಮಾಡಿದರೆ ತಕ್ಷಣ ನೆಗಡಿ ಹಿಡಿದವರಾಗುತ್ತಿದ್ದರು.

"ಶ್ರುತಿ ಹಿಡಿದು ಓಡಿಸ್ರೀ!" ಅಂತ ಬೆನ್ನಿಗೆ ಬಾಯಿಟ್ಟು ಕೂಗಿದೆ.

"ಏನು ಹಿಡಿದು?"

ಕೊನೆಗೆ ನಮ್ಮಲ್ಲೊಂದು ಒಪ್ಪಂದವಾಯಿತು. ಹೆಗಲು ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ಜೋರು. ಸಂಗೀತವೆಂದರೆ ಗಣಪತಿ ಹಬ್ಬದ ಪೆಂಡಾಲಿಗೆ ಬೇಕಾದ ಸಾಮಾನು ಅಂದುಕೊಂಡಿದ್ದ ಮನುಷ್ಯ ಆವತ್ತು ಬೆಳಗ್ಗೆ ಚೇರ್ತಲದವರೆಗೆ ಶುದ್ಧ ನಾಲ್ಕೂವರೆ ಮನೆಯಲ್ಲಿ ಗಾಡಿ ಓಡಿಸಿದರು. ಆ ದಿನದಷ್ಟು ಅವರ ಮೇಲೆ ನನಗೆ ಪ್ರೀತಿ ಉಕ್ಕಿದ್ದು ಕಡಿಮೆ.

ಚೇರ್ತಲದ ಹತ್ತಿರ ರಸ್ತೆಯ ಎರಡೂ ಕಡೆ ಅಂಗಳಗಳಲ್ಲಿ ಹೆಂಗಸರು ತೆಂಗಿನ ನಾರಿನ ಹುರಿ ಹೊಸೆಯುತ್ತಿದ್ದರು. ಸೊಂಟದ ಮಡಿಲಲ್ಲಿ ನಾರು ತುಂಬಿಕೊಂಡು, ತಿರುಗುವ ರಾಟೆಯಿಂದ ಹಿಂದಹಿಂದಕ್ಕೆ ನಡೆಯುತ್ತ ಹೊಸೆಯುತ್ತಾರೆ. ಹಿಂದಕ್ಕೆ ನಡೆಯುತ್ತಲೇ ಅಕ್ಕಪಕ್ಕದವರ ಜೊತೆ ಮಾತು, ನಗು. ನಮ್ಮ ಕಡೆ ಹೆಂಗಸರು ಹೂ ಕಟ್ಟುವಾಗ ಕೂತಲ್ಲೇ ಊರ ಸುದ್ದಿ ಮುಗಿಸುತ್ತಾರೆ. ಇಲ್ಲಿಯವರು ನಡೆದು ಮುಗಿಸುತ್ತಾರೆ. ನೋಡೋಣ ಅಂತ ಇವರು ಗಾಡಿ ನಿಲ್ಲಿಸಿದರು. ನಾನು ಗಾಡಿಗೆ ಕಟ್ಟಿದ ಹಸು ಅನ್ನುವುದನ್ನು ಮರೆತು, ಪೆಟ್ಟಿಗೆ ಸಮೇತ ಕೆಳಗೆ ಹಾರಿದೆ. ಪಟ್ ಅಂತ ವಯರು ಹರಿಯಿತು. ನರಸಮ್ಮನವರು ಅರ್ಧ ಅಕ್ಷರದಲ್ಲಿ ನಿಂತರು.

ಹೆಂಗಸರೆಲ್ಲ ರಾಟೆ ಬಿಟ್ಟು ಬಂದರು. ಅವರಲ್ಲಿ ಹಿರಿಯಳೊಬ್ಬಳು ಹರಿದ ತುದಿಗಳನ್ನು ಕೈಗೆ ತೆಗೆದುಕೊಂಡು ನನಗೆ ಹೇಳಿದಳು, "ಞಾನ್ ಕೆಟ್ಟಿತ್ತರಾಂ."

ಕೆಟ್ಟಿತ್ತು ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ನೋಡ್ರೀ, ಕೆಟ್ಟೇ ಹೋಯ್ತಂತೆ!" ಅಂದೆ. ಇವರು ನಕ್ಕರು. ಮಲಯಾಳದಲ್ಲಿ ಕೆಟ್ಟುವುದು ಅಂದರೆ ಕಟ್ಟುವುದಂತೆ. ನಾನು ಕಟ್ಟಿಕೊಡುತ್ತೇನೆ ಅಂತ ಅವಳು ಹೇಳಿದ್ದು. ಹೇಳಿದ ಹಾಗೇ ಹಲ್ಲಿನಿಂದ ವಯರಿನ ತೊಗಟೆ ಸುಲಿದು, ಎಳೆಗೆ ಎಳೆ ಹೊಸೆದು, ಮೇಲೆ ತೆಂಗಿನ ನಾರಿನ ಹುರಿ ಸುತ್ತಿ, ಎಳೆದು ನೋಡಿ ಕೊಟ್ಟಳು. ಆನೆ ಕಟ್ಟಿದರೂ ಬಿಚ್ಚದು. ಇವರೂ ಪಕ್ಕದಲ್ಲಿ ಕೂತು ಯಾವ ಎಳೆಗೆ ಯಾವ ಎಳೆ ಅಂತ ಬೆರಳು ತೋರಿಸುತ್ತಿದ್ದರು. ಎಷ್ಟಾದರೂ ಬಿಎಸ್ಸಿ ಓದಿದವರು. ಆದರೆ ಗುಂಡಿ ಒತ್ತಿದರೆ ನರಸಮ್ಮನವರು ಬಾಯಿಬಿಡಲಿಲ್ಲ.

ಆಲಪ್ಪುಳ

ಆಲಪ್ಪುಳದವರೆಗೆ ಮಡಿಲ ಪೆಟ್ಟಿಗೆಯ ಗುಂಡಿ ಒತ್ತುತ್ತಲೇ ಇದ್ದೆ. ಕಾಲುವೆ, ದೋಣಿ, ಕೆಂಪು ಬಾವುಟ, ಸೌದೆ ಹೊತ್ತ ಹೆಂಗಸರು ಯಾವುದೂ ಕಣ್ಣಿಗೆ ಹತ್ತಲಿಲ್ಲ. ಕಾಲುವೆಯ ಪಕ್ಕ ಒಂದು ವರ್ಕ್‌ಷಾಪು ಕಂಡು ಇವರು ನಿಲ್ಲಿಸಿದರು. ಅಲ್ಲಿಯ ಮೆಕ್ಯಾನಿಕ್ಕನ್ನು ಎಲ್ಲರೂ "ಆಶಾನ್" ಅನ್ನುತ್ತಿದ್ದರು. ಆ ನಾಡಿನಲ್ಲಿ ಅಕ್ಷರ ಕಲಿಸುವವನೂ ಆಶಾನ್, ಕಥಕಳಿ ಕಲಿಸುವವನೂ ಆಶಾನ್, ಸ್ಪ್ಯಾನರ್ ಹಿಡಿದವನೂ ಆಶಾನ್. ಗುರುಗಳಿಗೆ ಬರವಿಲ್ಲದ ದೇಶ.

ನಮ್ಮ ಆಶಾನ್ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯ ಹಾಗೆ ಕುಲುಕಿದ. ಒಳಗೆ ಊದಿದ. ಬೆನ್ನಿಗೆ ಎರಡು ಏಟು ಹಾಕಿದ. ವಿದೇಶದ ಸಾಮಾನಿಗೆ ನಮ್ಮ ಉಪ್ಪುಗಾಳಿ ಆಗಿಬರುವುದಿಲ್ಲ ಅಂತ ಕೈಸನ್ನೆಯಲ್ಲೇ ಒಂದು ಭಾಷಣ ಮಾಡಿದ. ಆಮೇಲೆ ಸೀಟಿನ ಕೆಳಗೆ ಬಗ್ಗಿ, ನಾರಿನ ಗಂಟು ನೋಡಿ, ತಲೆಯೆತ್ತಿ ಹೇಳಿದ, "ಸಾರೇ, ಇದು ಮಱಿಚ್ಚಾ."

ಇವರ ಮುಖ ಬಿಳುಪೇರಿತು.

ಇಲ್ಲೊಂದು ಮಾತು ಹೇಳಬೇಕು. ಇವರು ಬ್ಯಾಂಕಿನಲ್ಲಿ ನೋಡಿಕೊಳ್ಳುತ್ತಿದ್ದದ್ದು ತೀರಿಹೋದವರ ಖಾತೆಗಳನ್ನು. ದಿನ ಬೆಳಗಾದರೆ ಮೇಜಿನ ಮುಂದೆ ಯಾರಾದರೊಬ್ಬರು ನಿಂತು "ಅಚ್ಛನ್ ಮರಿಚ್ಚು", "ಅಮ್ಮ ಮರಿಚ್ಚು" ಅನ್ನುತ್ತಿದ್ದರು. ಅಚ್ಛನ್ ಅಂದರೆ ಅಪ್ಪ, ಮರಿಚ್ಚು ಅಂದರೆ ಸತ್ತರು. ಇವರು ಕಲಿತ ಮೊದಲ ಮಲಯಾಳ ಮಾತು ಅದು, ಚೆನ್ನಾಗಿ ಬರುತ್ತಿದ್ದದ್ದೂ ಅದೊಂದೇ.

"ಸತ್ತುಹೋಯ್ತಂತೆ ಕಣೇ" ಅಂದರು ಮೆಲ್ಲಗೆ.

ನಾನು ಅಲ್ಲಿದ್ದ ಟೈರಿನ ಮೇಲೆ ಕೂತು ಅತ್ತೇಬಿಟ್ಟೆ. ಚರಣ ಹೋಯಿತು, ಆಡಿಷನ್ ಹೋಯಿತು, ಇನ್ನು ಪಾಟ್ನಾ. ಪಕ್ಕದ ಚಹಾ ಅಂಗಡಿಯ ಹೆಂಗಸು ಓಡಿಬಂದು "ಅಯ್ಯೋ, ಎಂದು ಪಟ್ಟಿ?" ಏನಾಯಿತು ಅಂತ ಕೇಳಿದಳು. ಪೆಟ್ಟಿಗೆಯೊಳಗಿನ ಟೀಚರರ ದನಿ ಸತ್ತಿತು ಅನ್ನುವಷ್ಟು ಮಲಯಾಳ ಇವರಲ್ಲಿರಲಿಲ್ಲ. ಇದ್ದಷ್ಟನ್ನು ಒಟ್ಟುಮಾಡಿ ಇವರು ಹೇಳಿದರು, "ಟೀಚರ್... ಪಾಟ್ಟು ಟೀಚರ್... ಮರಿಚ್ಚು."

ಹಾಡಿನ ಟೀಚರ್ ತೀರಿಕೊಂಡರು! ವರ್ಕ್‌ಷಾಪಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಆಶಾನ್ ಹೋಗಿ ರೇಡಿಯೋ ಆರಿಸಿದ. ಚಹಾ ಅಂಗಡಿಯ ಬೆಂಚಿನ ಮೇಲೆ ಪೇಪರು ಓದುತ್ತಿದ್ದವರು ಮಡಚಿಟ್ಟು ಬಂದರು. ತಲೆಗೆ ಟವೆಲ್ಲು ಸುತ್ತಿದ್ದವನು ಬಿಚ್ಚಿ ಕೈಯಲ್ಲಿ ಹಿಡಿದ. ನನಗೆ ಕುರ್ಚಿ ಬಂತು, ಹಾಲಿಲ್ಲದ ಕಟ್ಟನ್ ಚಹಾ ಬಂತು. "ಇರಿಕ್ಕ್ ಮೋಳೆ" ಅಂತ, ಕೂತುಕೋ ಮಗಳೇ ಅಂತ, ಆ ಹೆಂಗಸು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ನಾವು ಮೈಸೂರಿನವರು ಬೇರೆಯವರ ದುಃಖ ಕಂಡರೆ ಮರ್ಯಾದೆಗೆ ಮುಖ ಆಚೆ ತಿರುಗಿಸುತ್ತೇವೆ. ಅಲ್ಲಿಯವರು ಕುರ್ಚಿ ಎಳೆದುಕೊಂಡು ಎದುರಿಗೇ ಕೂರುತ್ತಾರೆ. ಕೆಟ್ಟ ಪೆಟ್ಟಿಗೆಗೆ ಇಷ್ಟು ಕನಿಕರ ತೋರುವ ಜನ ಎಲ್ಲಿ ಸಿಗುತ್ತಾರೆ ಅಂತ ನನಗೆ ಇನ್ನಷ್ಟು ಅಳು ಬಂತು.

ಮುದುಕರೊಬ್ಬರು ಇವರನ್ನು ಕೇಳಿದರು, "ಎತ್ರ ವಯಸ್ಸಾಯಿ?"

ನರಸಮ್ಮನವರ ವಯಸ್ಸು ತಾನೆ, ಇವರು "ಎಳುಪತ್" ಅಂದರು.

"ಅಸುಖಂ ವಲ್ಲದುಂ ಉಂಡಾಯಿರುನ್ನೋ?" ಕಾಯಿಲೆ ಏನಾದರೂ ಇತ್ತೋ?

ಪೆಟ್ಟಿಗೆಯ ಕಾಯಿಲೆ ಅಂದುಕೊಂಡು ಇವರು, "ಇಲ್ಲ ಇಲ್ಲ. ರಾವಿಲೆ ವರೆ ನನ್ನಾಯಿ ಪಾಡಿ" ಅಂದರು. ಬೆಳಗ್ಗೆವರೆಗೆ ಚೆನ್ನಾಗಿ ಹಾಡಿದರು!

ಮುದುಕರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಭಾಗ್ಯವತಿ" ಅಂದರು. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಎಪ್ಪತ್ತು ವರ್ಷ ಬದುಕಿ, ಸಾಯುವ ದಿನ ಬೆಳಗ್ಗೆಯೂ ಹಾಡಿ ಹೋದವಳು ಪುಣ್ಯವಂತೆಯಲ್ಲದೆ ಮತ್ತೇನು?

ಇಷ್ಟರಲ್ಲಿ ಆಶಾನ್, ಹೆಂಗಸಿನ ಅಳು ನೋಡಲಾರದವನು, ಕೈಗೆ ಏನಾದರೂ ಕೆಲಸ ಬೇಕಲ್ಲ ಅಂತ ನಾರಿನ ಗಂಟು ಬಿಚ್ಚಿ, ಎಳೆಗಳನ್ನು ಅದಲುಬದಲು ಮಾಡಿ ಕಟ್ಟಿದ್ದ. ನನ್ನ ಇಯರ್‌ಫೋನು ಪೆಟ್ಟಿಗೆಯಿಂದ ಕಳಚಿ ಬಿದ್ದಿತ್ತು. ಅವನು ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಗುಂಡಿ ಒತ್ತಿದ. ತಂಬೂರಿಯ ಝೇಂಕಾರ, ಅದರ ಹಿಂದೆಯೇ ನರಸಮ್ಮನವರ ಕಂಠ, ಬಟಾಬಯಲಲ್ಲಿ, ಕಾಲುವೆಯ ನೀರಿಗೂ ಕೇಳುವ ಹಾಗೆ ಹೊರಟಿತು.

ಜನ ಕಲ್ಲಾದರು. ಮುದುಕರು ಪಿಸುಗುಟ್ಟಿದರು, "ಮರಿಚ್ಚ ಟೀಚರಾಣೋ?" ತೀರಿಕೊಂಡ ಟೀಚರೇ?

"ಅದೆ, ಅದೆ!" ಇವರು ಮುಖವೆಲ್ಲ ಹಲ್ಲಾಗಿ ತಲೆಯಾಡಿಸಿದರು. ಹೌದು ಹೌದು, ಅವರೇ!

ಆ ಜನಕ್ಕೆ ಕನ್ನಡ ಬಾರದು, ತೋಡಿ ಅಂದರೆ ಏನೆಂದು ಎಷ್ಟು ಜನಕ್ಕೆ ಗೊತ್ತಿತ್ತೋ. ಸತ್ತವರ ದನಿ ಅಂತ ನಿಂತು ಕೇಳಿದರು. ಪಲ್ಲವಿ ಮುಗಿದು ಅನುಪಲ್ಲವಿ, ಅನುಪಲ್ಲವಿ ಮುಗಿದು ಚರಣ. ನಾನು ಎಡವುತ್ತಿದ್ದ ಜಾಗ ಬಂತು. ಆ ಹೆಂಗಸು ನನ್ನ ತಲೆ ಸವರುತ್ತ ಹೇಳಿದಳು, "ಕರಯಲ್ಲೇ ಮೋಳೆ. ಟೀಚರ್ ಪೋ‌ಯಾಲುಂ ಪಾಟ್ಟುಂಡಲ್ಲೋ." ಅಳಬೇಡ ಮಗಳೇ, ಟೀಚರ್ ಹೋದರೂ ಹಾಡು ಇದೆಯಲ್ಲ.

ಆಗ ನನಗೆ ಅರ್ಥವಾಯಿತು, ಇವರೆಲ್ಲ ಯಾರಿಗಾಗಿ ಟವೆಲ್ಲು ಬಿಚ್ಚಿ ನಿಂತಿದ್ದಾರೆ ಅಂತ. ನಗು ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಒಂದು ವಾರದಿಂದ ನಾನು ಕೇಳುತ್ತಿದ್ದದ್ದು ಪಾಸಾಗಬೇಕಾದ ಪಾಠವನ್ನು. ಆ ಜನ ಕೇಳುತ್ತಿದ್ದದ್ದು ಒಬ್ಬ ಹೆಂಗಸನ್ನು. ಅವರ ಕಿವಿಯಿಂದ ನಾನೂ ಕೇಳಿದೆ. ಚರಣದ ಆ ಜಾಗದಲ್ಲಿ ನರಸಮ್ಮನವರು ಉಸಿರು ತೆಗೆದುಕೊಳ್ಳುತ್ತಿದ್ದರು, ವಯಸ್ಸಾದ ಉಸಿರು, ಸ್ವಲ್ಪ ಹೊತ್ತು ನಿಂತು. ನಾನು ಅದನ್ನು ಹಾಡಿನ ಭಾಗವಲ್ಲ ಅಂತ ಹಾರಿಸಿ ಓಡುತ್ತಿದ್ದೆ. ಒಂದು ದಿನ ನರಸಮ್ಮನವರು ನಿಜವಾಗಿ ಇಲ್ಲವಾಗುತ್ತಾರೆ, ಆವತ್ತು ಈ ಚರಣ ನನ್ನ ಬಾಯಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ ಅನ್ನಿಸಿ ಭಯವಾಯಿತು. ಪಾಟ್ನಾದ ಭಯ ಅದರ ಮುಂದೆ ಏನೂ ಅಲ್ಲ.

ಹೊರಡುವಾಗ ಸುಳ್ಳು ಉಳಿಸಿ ಹೋಗಬಾರದು ಅಂತ ಆ ಹೆಂಗಸಿನ ಕೈ ಹಿಡಿದು ಹೇಳಿದೆ, "ಟೀಚರ್ ಮರಿಚ್ಚಿಲ್ಲ." ಸತ್ತಿಲ್ಲ ಅಂತ.

ಅವಳ ಕಣ್ಣಲ್ಲಿ ನೀರು ಬಂತು. "ಮರಿಕ್ಕಿಲ್ಲ ಮೋಳೆ, ಮರಿಕ್ಕಿಲ್ಲ" ಅಂದಳು. ಸಾಯುವುದಿಲ್ಲ ಮಗಳೇ, ಅಂಥವರು ಸಾಯುವುದಿಲ್ಲ.

ಆಶಾನ್ ಏನು ಹೇಳಿದ್ದ ಅನ್ನುವುದು ಅಂಬಲಪ್ಪುಳ ದಾಟುವಾಗ ಹೊಳೆಯಿತು. ಮಹಾರಾಣಿ ಕಾಲೇಜಿನಲ್ಲಿ ಹಳಗನ್ನಡ ಓದುವಾಗ ಶಕಟರೇಫ ಅಂತ ಒಂದು ಅಕ್ಷರ ಬರುತ್ತಿತ್ತು, ಗಾಡಿಯ ಗಾಲಿಯಂಥ ಱ. ನಾವು ಅದನ್ನು ಎಂದೋ ಕೈಬಿಟ್ಟೆವು. ಮಲಯಾಳಿಗಳು ಇನ್ನೂ ನಾಲಿಗೆಯ ಮೇಲಿಟ್ಟುಕೊಂಡಿದ್ದಾರೆ. ರ ಹಾಕಿ ಮರಿಚ್ಚು ಅಂದರೆ ಸತ್ತಿತು. ಱ ಹಾಕಿ ಮಱಿಚ್ಚು ಅಂದರೆ ತಿರುಗುಮುರುಗು. ವಯರು ಉಲ್ಟಾ ಕಟ್ಟಿದ್ದೀರಿ ಅಂತ ಅವನು ಹೇಳಿದ್ದು, ನಾವು ಅದಕ್ಕೆ ಸೂತಕ ಮಾಡಿದ್ದು. ಉಲ್ಟಾ ಕೊಟ್ಟರೂ ಒಳಗೆ ಏನೂ ಸುಡದೆ ಉಳಿದದ್ದು ನರಸಮ್ಮನವರ ಆಯುಸ್ಸು ಗಟ್ಟಿ ಇದ್ದದ್ದರಿಂದಲೇ ಇರಬೇಕು. ಇದನ್ನು ಬೆನ್ನಿಗೆ ಬಾಯಿಟ್ಟು ಕೂಗಿ ಹೇಳಿದಾಗ ಇವರು ನಕ್ಕ ರಭಸಕ್ಕೆ ಗಾಡಿ ಭತ್ತದ ಗದ್ದೆಯ ಕಡೆ ವಾಲಿತು.

ಕೊಲ್ಲಂ

ಕೊಲ್ಲಂ ಇನ್ನೂ ಸ್ವಲ್ಪ ದೂರವಿರುವಾಗ ಗಾಡಿ ಕೆಮ್ಮಿತು. ಎರಡು ಸಲ ಕೆಮ್ಮಿ ನಿಂತಿತು. ಗಾಳಿಯಲ್ಲಿ ಗೋಡಂಬಿ ಹುರಿಯುವ ಘಾಟು. ಹಾರನ್ ಒತ್ತಿದರೆ ಬೆಕ್ಕಿನ ಮರಿಯ ದನಿ. ಬ್ಯಾಟರಿಯೇ ಮುದಿಯಾಗಿತ್ತು. ಬೆಳಗ್ಗಿನಿಂದ ಗಾಡಿಗೂ ಹಾಡಿಗೂ ಎರಡಕ್ಕೂ ಉಣಿಸಿ ಸುಸ್ತಾಗಿತ್ತು. ಇನ್ನು ಇಬ್ಬರಲ್ಲಿ ಒಬ್ಬರಿಗೆ ಮಾತ್ರ.

ಇವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ನೀನು ಕೇಳ್ತಾ ಇರು. ನಾನು ತಳ್ತೀನಿ, ಎಲ್ಲಾದ್ರೂ ಚಾರ್ಜಿಗೆ ಹಾಕಿಸೋಣ" ಅಂದರು. ಚಾರ್ಜಿಗೆ ಹಾಕಿದರೆ ಒಂದು ರಾತ್ರಿ ಬೇಕು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಡಿಷನ್ ಮರುದಿನ ಬೆಳಗ್ಗೆ.

ನಾನೇ ಪಿನ್ನು ಎಳೆದೆ. ತಿರುವನಂತಪುರದಲ್ಲಿ ಗೋಡೆಯ ಪ್ಲಗ್ಗು ಸಿಕ್ಕರೂ ಪ್ರಯೋಜನವಿಲ್ಲ, ಎಲಿಮಿನೇಟರಿನ ಕತ್ತು ಕತ್ತರಿಸಿ ಎರ್ನಾಕುಲಂನಲ್ಲಿ ಬಿಟ್ಟು ಬಂದಿದ್ದೆವು. ಇನ್ನು ನರಸಮ್ಮನವರು ಎಷ್ಟು ನನ್ನೊಳಗೆ ಇಳಿದಿದ್ದಾರೋ ಅಷ್ಟೇ. ಇಬ್ಬರೂ ಸೇರಿ ತಳ್ಳಿ, ನಾಲ್ಕಾರು ಜನ ಕೈ ಕೊಟ್ಟು, ಗಾಡಿ ಮತ್ತೆ ಉಸಿರಾಡಿತು.

ಅಲ್ಲಿಂದ ಮುಂದಕ್ಕೆ ನಾನು ಹಾಡಿದೆ. ಬಾಯಿಗೆ ಧೂಳು, ಗಾಳಿ, ಎದುರು ಬರುವ ಲಾರಿಗಳ ಹೊಗೆ. ಸೈಕಲ್ಲಿನಲ್ಲಿ ಹೋಗುವವರು ತಿರುಗಿ ನೋಡಿದರು. ಚರಣದ ಆ ಜಾಗ ಬಂದಾಗ ಇವರು ತಲೆ ತಿರುಗಿಸದೆ ಕೂಗಿದರು, "ಅಲ್ಲಲ್ಲ! ಅವರು ಅಲ್ಲಿ ಒಂಚೂರು ನಿಲ್ತಾರೆ. ನಿಂತು ಆಮೇಲೆ ಇಳೀತಾರೆ."

"ನಿಮಗೆ ಹೇಗ್ರೀ ಗೊತ್ತು?"

"ಒಂದು ವಾರದಿಂದ ಅನ್ನ ಸಾರಿನ ಜೊತೆ ಅದನ್ನೇ ತಾನೆ ನೀನು ಬಡಿಸಿದ್ದು?"

ಆಟ್ಟಿಂಗಲ್ ಬರುವ ಹೊತ್ತಿಗೆ ಅವರು ಹೆಗಲನ್ನೇ ತಾಳಕ್ಕಾಗಿ ನನಗೆ ಬಿಟ್ಟುಕೊಟ್ಟಿದ್ದರು. ಅದರ ಮೇಲೆ ನಾನು ಆದಿತಾಳ ಹಾಕಿದೆ.

ತಿರುವನಂತಪುರ

ರಾತ್ರಿ ಇವರ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ಧಾರವಾಡದ ಕಡೆಯವರು. ಅಮ್ಮ ಕನ್ನಡದಲ್ಲಿ ಕರೆದರೆ ಮಕ್ಕಳು ಮಲಯಾಳದಲ್ಲಿ ಓಗೊಡುತ್ತಿದ್ದರು. "ಏನ್ ಮಾಡೂದ್ರೀ ಅಕ್ಕಾರ, ಭಾಷಾ ತಿಳಿತದ, ಬಾಯಾಗ ಬರಂಗಿಲ್ಲ" ಅಂದರು ಆಕೆ. ನನ್ನ ಚರಣದ ಸ್ಥಿತಿಯೂ ಅಷ್ಟೇ ಅಂದುಕೊಂಡೆ.

ಬೆಳಗ್ಗೆ ರೇಡಿಯೋ ಕಟ್ಟಡದ ಜಗಲಿಯಲ್ಲಿ ಹಾಡುವವರು, ನುಡಿಸುವವರೆಲ್ಲ ಸಾಲಾಗಿ ಕೂತಿದ್ದೆವು. ಹೆಸರು ಹೇಳುವಂತಿಲ್ಲ, ಒಂದೊಂದು ನಂಬರು ಮಾತ್ರ. ಒಳಗೆ ಹೋದವರು ಹೋದಷ್ಟೇ ಬೇಗ ಹೊರಗೆ ಬರುತ್ತಿದ್ದರು. ಬಂದವರ ಬಾಯಲ್ಲಿ ಒಂದೇ ಮಾತು, "ಮತಿ ಪರಞ್ಞು." ಮತಿ ಅಂದುಬಿಟ್ಟರು.

ನಮ್ಮಲ್ಲಿ ಮತಿ ಅಂದರೆ ಬುದ್ಧಿ. ಅವರಲ್ಲಿ ಮತಿ ಅಂದರೆ ಸಾಕು. ಊಟಕ್ಕೆ ಕೂತಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವ ಮಾತು. ಹೊಟ್ಟೆ ತುಂಬಿದವನೂ ಹಾಗೇ ಅನ್ನುತ್ತಾನೆ, ಸಾರು ರುಚಿಸದವನೂ ಹಾಗೇ ಅನ್ನುತ್ತಾನೆ. ಹಾಡಿದವರಿಗೆ ಯಾವ ಮತಿ ಅಂತ ತಿಳಿಯುವಂತಿಲ್ಲ. ಪಿಟೀಲು ಹಿಡಿದ ಒಬ್ಬ ಹಿರಿಯರು ಹೊರಗೆ ಬಂದು ಅದರ ಪೆಟ್ಟಿಗೆ ಮುಚ್ಚುವಾಗ ಅವರ ಮುಖ ನೋಡಲಾಗದೆ ನಾನು ನೆಲ ನೋಡಿದೆ.

ನನ್ನ ನಂಬರು ಕರೆದರು. ಇವರು ನನ್ನ ಹೆಗಲನ್ನು ಎರಡು ಸಲ ತಟ್ಟಿದರು.

ಒಳಗೆ ದಪ್ಪ ಬಾಗಿಲು ಮುಚ್ಚಿದಾಗ ಕಿವಿ ಬಿಗಿಯಿತು. ಅಂಥ ಮೌನ ನಾನು ಕಂಡೇ ಇರಲಿಲ್ಲ. ಮೃದಂಗದವರು, ಪಿಟೀಲಿನವರು, ತಂಬೂರಿ. ಕೇಳುವವರು ಗೋಡೆಯಾಚೆ ಎಲ್ಲೋ, ಅವರು ನನಗೆ ಕಾಣರು, ನಾನು ಅವರಿಗೆ ಕಾಣೆ. ಗೋಡೆಯ ಮೇಲಿನ ಒಂದು ಪೆಟ್ಟಿಗೆಯಿಂದ ದನಿ ಮಾತ್ರ ಬರುತ್ತದೆ. ವರ್ಣ ಹಾಡಿದೆ. ಅರ್ಧಕ್ಕೆ "ಮತಿ" ಅಂತು ಪೆಟ್ಟಿಗೆ. ಚಿಕ್ಕದೊಂದು ಕೀರ್ತನೆ ಎತ್ತಿಕೊಂಡೆ. ಎರಡು ಸಾಲಿಗೆ "ಮತಿ." ದೊಡ್ಡದು ಯಾವುದಿದೆ ಅಂತ ಕೇಳಿದರು. ತೋಡಿ ಅಂದೆ.

ಪಲ್ಲವಿ ಮುಗಿಸಿ ಕಾದೆ, ಮತಿ ಬರಲಿಲ್ಲ. ಅನುಪಲ್ಲವಿ ಮುಗಿಯಿತು, ಈಗ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಬಾಗಿಲು ಹಾಕಿದ ಮನೆಯಲ್ಲ ಈಗ, ಒಳಗೆ ಹೋದೆ. ಚರಣದ ಆ ಜಾಗ ಬಂತು. ನಿಂತೆ. ಮೃದಂಗದವರು ಎಲ್ಲಿ ತಪ್ಪಿದಳೋ ಅಂತ ಮುಖ ನೋಡಿದರು. ತಪ್ಪಿರಲಿಲ್ಲ. ನರಸಮ್ಮನವರು ತೆಗೆದುಕೊಂಡಷ್ಟೇ ಉಸಿರನ್ನು ಅವರು ತೆಗೆದುಕೊಂಡ ಹಾಗೆಯೇ ತೆಗೆದುಕೊಂಡು ಇಳಿದೆ. ಪಿಟೀಲು ನನ್ನ ಹಿಂದೆಯೇ ಇಳಿಯಿತು. ಕೃತಿ ಪೂರ್ತಿಯಾಯಿತು, ಮೊದಲಿನಿಂದ ಕೊನೆಯವರೆಗೆ, ನನ್ನ ಬದುಕಿನಲ್ಲಿ ಮೊದಲ ಸಲ.

ತಂಬೂರಿ ಒಂದೇ ಮಿಡಿಯುತ್ತಿತ್ತು. ತುಸು ಹೊತ್ತಿನ ಮೇಲೆ, ಬಡಿಸುವ ಕೈ ಹಿಂದೆ ಸರಿದಾಗ ಎಲೆಯ ಮುಂದೆ ಕೂತವರು ಕೇಳುವ ಹಾಗೆ, ಗೋಡೆಯ ಪೆಟ್ಟಿಗೆಯ ದನಿ ಕೇಳಿತು, "ಅಯ್ಯೋ, ಕಳಿಞ್ಞೋ?"

ಮುಗಿಯಿತೋ?

ಹಿಂದಿನ ದಿನದಿಂದ ಆ ನಾಡಿನ ಒಂದೊಂದು ಮಾತೂ ನನ್ನನ್ನು ದಾರಿ ತಪ್ಪಿಸಿತ್ತು. ಉತ್ತರಕ್ಕೆ ಹುಡುಕಿದರೆ ಅವರಲ್ಲೂ ನಮ್ಮಲ್ಲೂ ಅರ್ಥ ಒಂದೇ ಆದ ಮಾತು ಒಂದಿತ್ತು.

"ಇಲ್ಲ" ಅಂದೆ. ಮತ್ತೆ ಚರಣ ಎತ್ತಿಕೊಂಡೆ.